ಗೇರ್ ಬದಲಿಸುವ ಅಭ್ಯಾಸ ಮತ್ತು ಗೇರ್‌ಬಾಕ್ಸ್ ಸವೆತ: ಯಾವುದು ನಿಜ, ಯಾವುದು ಬರೀ ಮಾತು?

ನಾಲ್ಕನೇಗೇರ್:
ಮ್ಯಾನ್ಯುಯಲ್ ಗಾಡಿ ಓಡಿಸುವವರಿಗೆ ಸಿಗುವ ಉಪದೇಶಕ್ಕೆ ಲೆಕ್ಕವಿಲ್ಲ. ಗೇರ್ ರಾಡ್ ಮೇಲೆ ಕೈ ಇಟ್ಟುಕೊಳ್ಳಬೇಡಿ, ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿಕೊಂಡು ನಿಲ್ಲಬೇಡಿ, ನಾಲ್ಕರಿಂದ ನೇರ ಎರಡಕ್ಕೆ ಹಾಕಬೇಡಿ, ಗೇರ್ ಇಳಿಸಿ ವೇಗ ತಗ್ಗಿಸಬೇಡಿ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ. ಇದರಲ್ಲಿ ಗೇರ್‌ಬಾಕ್ಸನ್ನೇ ಸವೆಸುವುದು ಯಾವುದು, ಕ್ಲಚ್ಚನ್ನು ಸವೆಸುವುದು ಯಾವುದು, ಎರಡಕ್ಕೂ ಸಂಬಂಧವಿಲ್ಲದ್ದು ಯಾವುದು? ಒಳಗಿನ ಯಾವ ಭಾಗ ಏಕೆ ಸವೆಯುತ್ತದೆ ಎಂದು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. "ಒಳ್ಳೆಯದಲ್ಲ" ಎಂಬಷ್ಟೇ ಉತ್ತರ ಬೇಡ.

ಹಲ್ಲುಚಕ್ರ:
ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಗೇರ್ ಹಾಕುವಾಗ ಕೇಳುವ ಕರ್ರ್ ಸದ್ದು ಗೇರ್ ಚಕ್ರಗಳ ಹಲ್ಲು ಒಂದಕ್ಕೊಂದು ಉಜ್ಜುವ ಸದ್ದಲ್ಲ. ಇಂದಿನ ಗೇರ್‌ಬಾಕ್ಸ್‌ನಲ್ಲಿ ಮುಂದಕ್ಕೆ ಹೋಗುವ ಎಲ್ಲ ಗೇರ್‌ಗಳೂ ಸದಾ ಒಂದಕ್ಕೊಂದು ಕೂಡಿಕೊಂಡೇ ತಿರುಗುತ್ತಿರುತ್ತವೆ. ನಾವು ರಾಡ್ ತಳ್ಳಿದಾಗ ಸರಿಯುವುದು ಸ್ಲೀವ್ ಎಂಬ ಬಳೆ ಮಾತ್ರ. ಅದು ಬೇಕಾದ ಗೇರ್‌ನ ಪಕ್ಕದಲ್ಲಿರುವ ಚಿಕ್ಕ ಡಾಗ್ ಹಲ್ಲುಗಳ ಮೇಲೆ ಹೋಗಿ ಕೂತು, ಆ ಗೇರನ್ನು ಶಾಫ್ಟ್‌ಗೆ ಬಂಧಿಸುತ್ತದೆ.

ಸ್ಲೀವ್ ಒಂದು ವೇಗದಲ್ಲಿ, ಗೇರ್ ಇನ್ನೊಂದು ವೇಗದಲ್ಲಿ ತಿರುಗುತ್ತಿದ್ದರೆ ಅದು ಕೂರುವುದಿಲ್ಲ. ನಡುವೆ ಇರುವ ಸಿಂಕ್ರೊ ರಿಂಗ್ ಗೇರ್‌ನ ಶಂಕುವಿನಾಕಾರದ ಭಾಗಕ್ಕೆ ಒತ್ತಿಕೊಂಡು, ಉಜ್ಜಿ, ಎರಡರ ವೇಗವನ್ನೂ ಸಮ ಮಾಡುತ್ತದೆ. ಸಮ ಆಗುವವರೆಗೆ ರಿಂಗ್‌ನ ಹಲ್ಲುಗಳು ಸ್ಲೀವ್‌ಗೆ ಅಡ್ಡ ನಿಂತು ದಾರಿ ಬಿಡುವುದಿಲ್ಲ. ರಾಡ್ ತಳ್ಳುವಾಗ ಕ್ಷಣಕಾಲ ಕೈಗೆ ಸಿಗುವ ತಡೆ ಇದೇ. ರಿಂಗ್ ಸಾಮಾನ್ಯವಾಗಿ ಹಿತ್ತಾಳೆಯದು. ಕೆಲವದರ ಒಳಮೈಗೆ ಕಾರ್ಬನ್ ಅಥವಾ ಮಾಲಿಬ್ಡಿನಂ ಪದರ ಇರುತ್ತದೆ.

ಹಾಗಾಗಿ ಗೇರ್ ಬದಲಿಸುವ ರೀತಿಯಿಂದ ಸವೆಯುವವು ಮುಖ್ಯವಾಗಿ ಸಿಂಕ್ರೊ ರಿಂಗ್, ಸ್ಲೀವ್ ಮತ್ತು ಡಾಗ್ ಹಲ್ಲುಗಳ ತುದಿ, ಹಾಗೂ ಸ್ಲೀವನ್ನು ತಳ್ಳುವ ಫೋರ್ಕ್. ದೊಡ್ಡ ಗೇರ್ ಹಲ್ಲುಗಳು ಮತ್ತು ಬೇರಿಂಗ್‌ಗಳು ಹಾಳಾಗುವುದಕ್ಕೆ ಎಣ್ಣೆ ಕಡಿಮೆಯಾಗುವುದು, ಎಣ್ಣೆ ಕೆಡುವುದು, ಅತಿಭಾರ, ಆಘಾತ ಕಾರಣ. ಅವುಗಳಿಗೂ ಕೈಚಳಕಕ್ಕೂ ಹೆಚ್ಚು ನಂಟಿಲ್ಲ.

ಗೇರ್ ಹಾರಿಸುವ, ಅಂದರೆ ನಾಲ್ಕರಿಂದ ನೇರ ಎರಡಕ್ಕೆ ಹಾಕುವ ವಿಷಯಕ್ಕೆ ಲೆಕ್ಕ ಹಾಕಿ ನೋಡೋಣ. ಗೇರ್ ಅನುಪಾತ ಎಂದರೆ ಗೇರ್‌ಬಾಕ್ಸ್‌ನಿಂದ ಹೊರಬರುವ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಎಂಬುದು. ಉದಾಹರಣೆಗೆ 2ನೇ ಗೇರ್ ಅನುಪಾತ 2.0, 3ನೆಯದು 1.4, 4ನೆಯದು 1.0 ಎಂದುಕೊಳ್ಳಿ. ನಾಲ್ಕರಲ್ಲಿ ಎಂಜಿನ್ 2000 ಆರ್‌ಪಿಎಂ ಇರುವಾಗ ಮೂರಕ್ಕೆ ಇಳಿಸಿದರೆ 2800 ಆಗಬೇಕು, ಅಂದರೆ ವ್ಯತ್ಯಾಸ 800. ನೇರ ಎರಡಕ್ಕೆ ಇಳಿಸಿದರೆ 4000 ಆಗಬೇಕು, ವ್ಯತ್ಯಾಸ 2000. ರಿಂಗ್ ಹೀರಿಕೊಳ್ಳುವ ಶಕ್ತಿ ವೇಗವ್ಯತ್ಯಾಸದ ವರ್ಗಕ್ಕೆ ಅನುಗುಣ. 2000 ಭಾಗಿಸು 800 ಅಂದರೆ 2.5, ಅದರ ವರ್ಗ 6.25. ಒಂದೇ ಸಲದಲ್ಲಿ ಎರಡನೇ ಗೇರ್‌ನ ರಿಂಗ್ ಮೇಲೆ ಆರು ಪಟ್ಟಿಗೂ ಹೆಚ್ಚು ಬಿಸಿ. ಅದೇ ಹಾರಿಕೆಯನ್ನು ಬ್ರೇಕ್ ಹಾಕಿ ವೇಗ ಅರ್ಧಕ್ಕೆ ಇಳಿದ ಮೇಲೆ ಮಾಡಿದರೆ ವ್ಯತ್ಯಾಸವೂ ಅರ್ಧ, ಬಿಸಿ ಕಾಲುಭಾಗ. ಹಾರಿಸುವುದೇ ತಪ್ಪಲ್ಲ, ವೇಗ ಇಳಿಯುವ ಮುಂಚೆ ಹಾರಿಸುವುದು ತಪ್ಪು.

ರಾಡನ್ನು ಎಷ್ಟು ಜೋರಾಗಿ ತಳ್ಳಬೇಕು ಎಂಬುದಕ್ಕೂ ಇದೇ ಉತ್ತರ. ತಡೆ ಸಿಕ್ಕ ಜಾಗದಲ್ಲಿ ಹಗುರವಾಗಿ ಒತ್ತಿ ಹಿಡಿದರೆ ಅರೆ ಸೆಕೆಂಡಿನೊಳಗೆ ರಿಂಗ್ ತನ್ನ ಕೆಲಸ ಮುಗಿಸಿ ರಾಡನ್ನು ಒಳಗೆ ಎಳೆದುಕೊಂಡಂತೆ ಬಿಡುತ್ತದೆ. ಅಂಗೈಯಿಂದ ಗುದ್ದಿದರೆ ವೇಗ ಸಮವಾಗುವ ಮುಂಚೆಯೇ ಸ್ಲೀವ್ ನುಗ್ಗುತ್ತದೆ, ತುದಿಗಳು ದುಂಡಗಾಗುತ್ತವೆ.

ಕ್ಲಚ್‌ಪ್ಲೇಟ್:
ಹಲ್ಲುಚಕ್ರ ಅವರ ಮಾತಿಗೆ ಒಂದು ಮುಖ್ಯ ಸೇರ್ಪಡೆ. ಸಿಂಕ್ರೊ ರಿಂಗ್‌ಗಳನ್ನು ಅಕಾಲದಲ್ಲಿ ಕೊಲ್ಲುವುದು ಹೆಚ್ಚಾಗಿ ಪೂರ್ತಿ ಬಿಡದ ಕ್ಲಚ್. ಪೆಡಲ್ ತಳಕ್ಕೆ ಒತ್ತಿದರೂ ಪ್ಲೇಟ್ ಎಂಜಿನ್ ಜೊತೆ ತಿರುಗುವ ಫ್ಲೈವೀಲ್‌ಗೆ ಸ್ವಲ್ಪ ಅಂಟಿಕೊಂಡೇ ಇದ್ದರೆ, ರಿಂಗ್ ಪ್ಲೇಟ್ ಮತ್ತು ಅದರಿಂದ ಗೇರ್‌ಬಾಕ್ಸ್ ಒಳಗೆ ಬರುವ ಇನ್‌ಪುಟ್ ಶಾಫ್ಟನ್ನು ಮಾತ್ರ ತಡೆದರೆ ಸಾಲದು, ಓಡುತ್ತಿರುವ ಎಂಜಿನ್ ಜೊತೆಗೂ ಗುದ್ದಾಡಬೇಕು. ಅದು ಆ ಪುಟ್ಟ ರಿಂಗ್‌ನ ಕೆಲಸವಲ್ಲ.

ಪತ್ತೆ ಮಾಡುವ ವಿಧಾನ ಸುಲಭ. ಸಮತಟ್ಟು ಜಾಗದಲ್ಲಿ ಎಂಜಿನ್ ಆಫ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ. ಆಮೇಲೆ ಸ್ಟಾರ್ಟ್ ಮಾಡಿ ಹಾಗೆಯೇ ನೋಡಿ. ಆಫ್ ಇದ್ದಾಗ ಸಲೀಸು, ಸ್ಟಾರ್ಟ್ ಇದ್ದಾಗ ಬಿಗಿ ಎಂದಾದರೆ ಕ್ಲಚ್ ಬಿಡುತ್ತಿಲ್ಲ. ಎರಡನೆಯದು, ಐಡಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ, ಐದು ಎಣಿಸಿ, ರಿವರ್ಸ್ ಹಾಕಿ. ಸಿಂಕ್ರೊ ಇಲ್ಲದ ರಿವರ್ಸ್ ಆಗಿದ್ದು ಇನ್ನೂ ಕರ್ರ್ ಎಂದರೆ ಇನ್‌ಪುಟ್ ಶಾಫ್ಟ್ ನಿಂತಿಲ್ಲ ಎಂದೇ ಅರ್ಥ.

ಕಾರಣಗಳನ್ನು ಸುಲಭದ್ದರಿಂದ ಶುರುಮಾಡಿ ಹುಡುಕಿ. ಪೆಡಲ್ ಕೆಳಗೆ ಮಡಚಿ ಕೂತ ಮ್ಯಾಟ್, ಹಿಗ್ಗಿದ ಕೇಬಲ್, ಹೈಡ್ರಾಲಿಕ್ ಪೈಪಿನಲ್ಲಿ ಗಾಳಿ, ಮಾಸ್ಟರ್ ಅಥವಾ ಸ್ಲೇವ್ ಸಿಲಿಂಡರ್‌ನ ಸೋರಿಕೆ. ಇವೆಲ್ಲ ಸರಿಯಿದ್ದರೆ ಸೊಟ್ಟಗಾದ ಪ್ಲೇಟ್, ತುಕ್ಕು ಹಿಡಿದು ಪ್ಲೇಟ್ ಜಾರದಂತಾದ ಸ್ಪ್ಲೈನ್ (ಇನ್‌ಪುಟ್ ಶಾಫ್ಟ್ ಮೇಲಿನ ಉದ್ದನೆಯ ಹಲ್ಲುಗಳು), ಬಿಗಿದುಕೊಂಡ ಪೈಲಟ್ ಬೇರಿಂಗ್ (ಆ ಶಾಫ್ಟಿನ ತುದಿಯನ್ನು ಎಂಜಿನ್ ಕಡೆ ಹಿಡಿಯುವುದು). ಕೊನೆಯ ಮೂರಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ಎಷ್ಟೋ ಸಲ ಎರಡನೇ ಗೇರ್‌ನ ರಿಂಗ್ ಹೋಗಿದೆ ಎಂದು ಬಾಕ್ಸ್ ಬಿಚ್ಚಿ, ರಿಂಗ್ ಹೊಸದು ಹಾಕಿ, ಕ್ಲಚ್‌ನ ಮೂಲ ದೋಷವನ್ನು ಹಾಗೇ ಬಿಡುತ್ತಾರೆ. ಹೊಸ ರಿಂಗೂ ಅದೇ ದಾರಿ ಹಿಡಿಯುತ್ತದೆ.

ಅರ್ಧ ಕ್ಲಚ್ ಒತ್ತಿ ಗೇರ್ ಬದಲಿಸುವ ಅಭ್ಯಾಸವೂ ಇದೇ ಹಾನಿ ಮಾಡುತ್ತದೆ. ಗಾಡಿ ಚೆನ್ನಾಗಿದ್ದು, ಒತ್ತುವ ಕಾಲು ಸೋಮಾರಿಯಾದರೂ ರಿಂಗ್‌ಗೆ ಬೀಳುವ ಪೆಟ್ಟು ಅದೇ.

ಮೂರುದಾರಿ:
ಗೇರ್ ರಾಡ್ ಮೇಲೆ ಕೈ ಇಟ್ಟರೆ ಫೋರ್ಕ್ ಸವೆಯುತ್ತದೆ ಎಂಬುದು ಉತ್ಪ್ರೇಕ್ಷೆ ಅನಿಸುತ್ತದೆ. ಕೇಬಲ್‌ನಲ್ಲಿ ನಡೆಯುವ ಗೇರ್‌ಬಾಕ್ಸ್‌ಗಳಲ್ಲಿ ಕೈಯ ಭಾರದ ಬಹುಪಾಲು ಕೇಬಲ್, ಬುಷ್, ರಾಡಿನ ಬುಡದಲ್ಲೇ ಕಳೆದುಹೋಗುವುದಿಲ್ಲವೇ?

ಹಲ್ಲುಚಕ್ರ:
ಮೂರುದಾರಿ ಅವರೇ, ಭಾಗಶಃ ಸರಿ. ಗೇರ್ ಬಿದ್ದ ಮೇಲೆ ಸ್ಲೀವನ್ನು ಅಲ್ಲೇ ಹಿಡಿದಿಡುವುದು ಡಾಗ್ ಹಲ್ಲುಗಳ ಹಿಮ್ಮುಖ ಇಳಿಜಾರು ಮತ್ತು ಸ್ಪ್ರಿಂಗ್ ಗುಂಡು. ಆಗ ಫೋರ್ಕಿಗೂ ಸ್ಲೀವ್‌ನ ಕಾಲುವೆಗೂ ನಡುವೆ ಸ್ವಲ್ಪ ಸಡಿಲ ಇರುತ್ತದೆ. ಸ್ಲೀವ್ ಸಾವಿರಾರು ಆರ್‌ಪಿಎಂನಲ್ಲಿ ತಿರುಗುತ್ತಿದ್ದರೂ ನಿಂತಿರುವ ಫೋರ್ಕಿಗೆ ತಾಗುವುದಿಲ್ಲ. ಕೈಯ ಭಾರ ಸನ್ನೆಕೋಲಿನ ಅನುಪಾತದಿಂದ ಹೆಚ್ಚಾಗಿ ಆ ಸಡಿಲವನ್ನು ಮುಗಿಸಿದರೆ ಫೋರ್ಕಿನ ತುದಿ ಸತತವಾಗಿ ಉಜ್ಜುತ್ತದೆ. ಬಾಕ್ಸ್ ಮೇಲೆಯೇ ನೇರ ನಿಂತಿರುವ ರಾಡಿನಲ್ಲಿ ಇದು ಹೆಚ್ಚು, ಕೇಬಲ್‌ನಲ್ಲಿ ಕಡಿಮೆ.

ತೂಕ ಹಾಕಿ ಹೇಳುವುದಾದರೆ, ಬಿಡದ ಕ್ಲಚ್ ಮತ್ತು ಅವಸರದ ಗುದ್ದು ಮಾಡುವ ಹಾನಿಯ ಮುಂದೆ ಇದು ಚಿಕ್ಕದು, ನಿಧಾನದ್ದು. ಆದರೂ ಕೈ ಸ್ಟೀರಿಂಗ್ ಮೇಲೆ ಇರುವುದರಿಂದ ನಷ್ಟ ಏನೂ ಇಲ್ಲ. ಫೋರ್ಕ್ ಸವೆದರೆ ಸ್ಲೀವ್ ಪೂರ್ತಿ ದೂರ ಸರಿಯದೆ ಅರ್ಧಕ್ಕೇ ಕೂರುತ್ತದೆ. ಆಗ ಡಾಗ್ ಹಲ್ಲಿನ ಅರ್ಧಭಾಗ ಮಾತ್ರ ಇಡೀ ಬಲ ಹೊರಬೇಕಾಗುತ್ತದೆ, ಕಾಲಕ್ರಮದಲ್ಲಿ ಗೇರ್ ತಾನಾಗಿ ಹೊರಗೆ ಹಾರತೊಡಗುತ್ತದೆ.

ಇಳಿಜಾರು:
ಗೇರ್ ಇಳಿಸಿ ವೇಗ ತಗ್ಗಿಸುವುದರ ಬಗ್ಗೆ ಯಾರೂ ಹೇಳಲಿಲ್ಲ. ಬ್ರೇಕ್ ಪ್ಯಾಡ್ ಅಗ್ಗ, ಗೇರ್‌ಬಾಕ್ಸ್ ದುಬಾರಿ ಎಂಬ ವಾದ ಪದೇ ಪದೇ ಬರುತ್ತದೆ. ಆಕ್ಸಿಲರೇಟರ್ ಬ್ಲಿಪ್ ಮಾಡಿ, ಅಂದರೆ ಕ್ಷಣಕಾಲ ಒತ್ತಿ ಬಿಟ್ಟು, ಇಳಿಸಿದರೆ ಸಿಂಕ್ರೊ ಉಳಿಯುತ್ತದೆ ಎಂಬ ಮಾತೂ ಇದೆ.

ಕ್ಲಚ್‌ಪ್ಲೇಟ್:
ಎರಡು ಬೇರೆ ವಿಷಯ ಇಲ್ಲಿ ಕಲಸಿಹೋಗಿವೆ.

ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಗಾಡಿಯನ್ನು ತಡೆಯುವ ಬಲ ಗೇರ್ ಹಲ್ಲಿನ ಹಿಂಬದಿಯ ಮೈಮೇಲೆ ಬೀಳುತ್ತದೆ. ಆಕ್ಸಿಲರೇಟರ್ ಬಿಟ್ಟ ಎಂಜಿನ್ ಒಡ್ಡುವ ತಡೆ, ಅದೇ ಎಂಜಿನ್ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಕೊಡುವ ಬಲದ ಒಂದು ಸಣ್ಣ ಪಾಲು ಮಾತ್ರ. ಏರು ಹತ್ತುವಾಗ ತಡೆದುಕೊಂಡ ಹಲ್ಲು ಇಳಿಯುವಾಗ ಸವೆಯುತ್ತದೆ ಎನ್ನಲು ಆಧಾರವಿಲ್ಲ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾಯದಿರಲು ಕೆಳಗಿನ ಗೇರ್ ಬೇಕೇ ಬೇಕು. ನ್ಯೂಟ್ರಲ್‌ನಲ್ಲಿ ಜಾರಿದರೆ ಗೇರ್‌ಬಾಕ್ಸ್‌ಗೇನೂ ಆಗದು, ಕೆಡುವುದು ಗಾಡಿಯ ಮೇಲಿನ ಹಿಡಿತ. ಇಂಧನವೂ ಉಳಿಯದು. ಇಂಜೆಕ್ಷನ್ ಎಂಜಿನ್‌ಗಳು ಗೇರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಧನ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಾದರೆ ಐಡಲ್‌ಗೆ ಸುಡುತ್ತಲೇ ಇರುತ್ತವೆ.

ಈಗ ಬ್ಲಿಪ್. ಇದನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಕ್ಲಚ್ ಒತ್ತಿ ಹಿಡಿದಿರುವಾಗ ಆಕ್ಸಿಲರೇಟರ್ ಕೊಟ್ಟರೆ ಏರುವುದು ಎಂಜಿನ್ ವೇಗ ಮಾತ್ರ. ಇನ್‌ಪುಟ್ ಶಾಫ್ಟ್ ಎಂಜಿನ್‌ನಿಂದ ಬೇರ್ಪಟ್ಟಿದೆ, ಅದನ್ನು ಏರಿಸುವ ಕೆಲಸ ಸಿಂಕ್ರೊ ರಿಂಗೇ ಮಾಡಬೇಕು. ಹಾಗಾಗಿ ಬರೀ ಬ್ಲಿಪ್ ಉಳಿಸುವುದು ಕ್ಲಚ್ ಪ್ಲೇಟನ್ನು, ಕ್ಲಚ್ ಬಿಟ್ಟಾಗ ಬರುವ ಜರ್ಕನ್ನು. ಸಿಂಕ್ರೊಗೆ ಅದರಿಂದ ಏನೂ ಲಾಭವಿಲ್ಲ.

ಸಿಂಕ್ರೊ ಉಳಿಸಬೇಕಾದರೆ ಡಬಲ್ ಕ್ಲಚ್. ಮೂರರಿಂದ ಎರಡಕ್ಕೆ ಹೀಗೆ: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಡಿ, ನ್ಯೂಟ್ರಲ್‌ನಲ್ಲೇ ಆಕ್ಸಿಲರೇಟರ್ ಕೊಟ್ಟು ಎಂಜಿನ್ ಏರಿಸಿ. ಮೇಲಿನ ಅನುಪಾತದ ಪ್ರಕಾರ ಮೂರರಲ್ಲಿ 2000 ಇದ್ದರೆ ಎರಡರಲ್ಲಿ ಸುಮಾರು 2850 ಬೇಕು, 2900ರಿಂದ 3000ಕ್ಕೆ ಏರಿಸಿದರೆ ಸರಿ. ತಡಮಾಡದೆ ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕಿ, ಬಿಡಿ. ಎರಡನೇ ಸಲ ಕ್ಲಚ್ ಒತ್ತಿ ಸುಮ್ಮನೆ ನಿಂತರೆ ಎಣ್ಣೆಯ ಎಳೆತಕ್ಕೆ ಶಾಫ್ಟ್ ಮತ್ತೆ ನಿಧಾನಿಸುತ್ತದೆ, ಪಟ್ಟ ಶ್ರಮ ವ್ಯರ್ಥ. 1928ರಲ್ಲಿ ಕ್ಯಾಡಿಲಾಕ್ ಕಾರುಗಳಿಗೆ ಸಿಂಕ್ರೊಮೆಶ್ ಬರುವ ಮುಂಚೆ ಬಹುತೇಕ ಚಾಲಕರಿಗೆ ಇದು ಅನಿವಾರ್ಯವಾಗಿತ್ತು. ಸಿಂಕ್ರೊ ಇಲ್ಲದ ಭಾರಿ ಟ್ರಕ್ ಗೇರ್‌ಬಾಕ್ಸ್‌ಗಳಿಗೆ ಈಗಲೂ ಬೇಕು.

ಆರೋಗ್ಯವಾಗಿರುವ ಕಾರಿಗೆ ದಿನನಿತ್ಯ ಇದರ ಅಗತ್ಯವಿಲ್ಲ. ಮೇಲಿನ ಗೇರ್‌ಗೆ ಹೋಗುವಾಗ ಅಂತೂ ಬೇಡವೇ ಬೇಡ, ಅಲ್ಲಿ ಎಣ್ಣೆಯ ಎಳೆತವೇ ಶಾಫ್ಟನ್ನು ನಿಧಾನಿಸಿ ರಿಂಗ್‌ಗೆ ನೆರವಾಗುತ್ತದೆ.

ನಾಲ್ಕನೇಗೇರ್:
ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿ ನಿಲ್ಲುವುದು?

ಕ್ಲಚ್‌ಪ್ಲೇಟ್:
ಅದು ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಸ್ಪ್ರಿಂಗನ್ನು ಒತ್ತುವುದು) ಮತ್ತು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಥ್ರಸ್ಟ್ ಬೇರಿಂಗ್‌ನ (ಆ ಒತ್ತಡಕ್ಕೆ ಶಾಫ್ಟ್ ಸರಿಯದಂತೆ ತಡೆಯುವುದು) ಪ್ರಶ್ನೆ, ಗೇರ್‌ಬಾಕ್ಸ್‌ದಲ್ಲ. ಪೆಡಲ್ ಒತ್ತಿರುವಷ್ಟು ಹೊತ್ತೂ ಪ್ರೆಶರ್ ಪ್ಲೇಟ್ ಸ್ಪ್ರಿಂಗ್‌ನ ಬಲ ಆ ಎರಡರ ಮೇಲೆ ಇರುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ. ಓಡುವಾಗ ಪೆಡಲ್ ಮೇಲೆ ಕಾಲು ಇಟ್ಟುಕೊಳ್ಳುವುದು ಇದಕ್ಕಿಂತ ಕೆಟ್ಟದ್ದು, ಅದು ಪ್ಲೇಟನ್ನೂ ಜಾರಿಸುತ್ತದೆ.

ತೈಲಬಿಂದು:
ಎಣ್ಣೆಯ ಮಾತು ಇನ್ನೂ ಬಂದಿಲ್ಲ. ಒಳ್ಳೆಯ ಅಭ್ಯಾಸವನ್ನು ತಪ್ಪು ಎಣ್ಣೆ ನೀರುಪಾಲು ಮಾಡುತ್ತದೆ.

ಸಿಂಕ್ರೊ ರಿಂಗ್‌ನ ಒಳಮೈಯಲ್ಲಿ ನವಿರಾದ ಗೀರುಗಳಿರುತ್ತವೆ. ಅವು ಎಣ್ಣೆಯ ಪದರವನ್ನು ಕತ್ತರಿಸಿ ಲೋಹಕ್ಕೆ ಲೋಹ ಹಿಡಿಯುವಂತೆ ಮಾಡುತ್ತವೆ. ಅಂದರೆ ಇಲ್ಲಿ ಸ್ವಲ್ಪ ಘರ್ಷಣೆ ಬೇಕು, ಅತಿ ಜಾರುವ ಎಣ್ಣೆ ಬೇಡ. ಜಿಎಲ್-4, ಜಿಎಲ್-5 ಎಂಬವು ಗೇರ್ ಎಣ್ಣೆಯ ದರ್ಜೆಗಳು. ಜಿಎಲ್-5 ಎಣ್ಣೆ ಹಿಂಬದಿ ಡಿಫರೆನ್ಷಿಯಲ್‌ನ ಹೈಪಾಯ್ಡ್ ಗೇರ್‌ಗಳಿಗಾಗಿ (ಹಲ್ಲುಗಳು ಜೋರಾಗಿ ಜಾರಿ ಉಜ್ಜುವ ಗೇರ್) ಮಾಡಿದ್ದು, ಅದರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಜಾಸ್ತಿ. ತಯಾರಕರು ಜಿಎಲ್-4 ಹೇಳಿದ ಕಡೆ ಅದನ್ನು ಹಾಕಿದರೆ ರಿಂಗ್ ಹಿಡಿಯುವುದಕ್ಕೆ ತಡವಾಗುತ್ತದೆ, ಕೆಲವು ಸಂಯುಕ್ತಗಳು ಹಿತ್ತಾಳೆಯನ್ನೂ ತಿನ್ನುತ್ತವೆ. "5 ಅಂದರೆ 4ಕ್ಕಿಂತ ಮೇಲು" ಎಂಬುದು ಇಲ್ಲಿ ನಡೆಯುವುದಿಲ್ಲ. ಮಂದತೆಯ ಲೆಕ್ಕದಲ್ಲಿ ಕೆಲವು ಗೇರ್‌ಬಾಕ್ಸ್‌ಗೆ 75ಡಬ್ಲ್ಯೂ-90, ಕೆಲವಕ್ಕೆ 75ಡಬ್ಲ್ಯೂ-80, ಇನ್ನು ಕೆಲವಕ್ಕೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆ) ಬೇಕಾಗುತ್ತದೆ. ಗಾಡಿಯ ಕೈಪಿಡಿ ಹೇಳಿದ್ದೇ ಅಂತಿಮ. ಅಂದಹಾಗೆ ಗೇರ್ ಎಣ್ಣೆಯ 90ಕ್ಕೂ ಎಂಜಿನ್ ಎಣ್ಣೆಯ ಸಂಖ್ಯೆಗೂ ಅಳತೆಗೋಲು ಬೇರೆ. 100 ಡಿಗ್ರಿಯಲ್ಲಿ 90ರ ಗೇರ್ ಎಣ್ಣೆ ಹೆಚ್ಚುಕಡಿಮೆ 40 ಅಥವಾ 50ರ ಎಂಜಿನ್ ಎಣ್ಣೆಯಷ್ಟೇ ಮಂದ.

ಬದಲಿಸುವಾಗ: ಹತ್ತು ಹದಿನೈದು ನಿಮಿಷ ಓಡಿಸಿ ಎಣ್ಣೆ ಬಿಸಿಮಾಡಿ. ಗಾಡಿ ನಾಲ್ಕೂ ಕಡೆ ಸಮತಟ್ಟಾಗಿ ಸ್ಟ್ಯಾಂಡ್ ಮೇಲೆ ನಿಲ್ಲಲಿ, ಒಂದು ಬದಿ ಮಾತ್ರ ಎತ್ತಿದರೆ ಮಟ್ಟ ತಪ್ಪುತ್ತದೆ. ಮೊದಲು ತುಂಬುವ ಬೋಲ್ಟ್ ಬಿಚ್ಚಿ. ಅದು ಬಿಗಿದುಕೊಂಡು ಬಾರದಿದ್ದರೆ, ಕೆಳಗಿನಿಂದ ಎಣ್ಣೆ ಖಾಲಿ ಮಾಡಿದ ಮೇಲೆ ತುಂಬಲು ದಾರಿಯೇ ಇರುವುದಿಲ್ಲ. ಆಮೇಲೆ ಡ್ರೈನ್ ಬೋಲ್ಟ್. ಅದರ ಆಯಸ್ಕಾಂತಕ್ಕೆ ಬೂದು ಬಣ್ಣದ ನಯವಾದ ಕೆಸರು ಅಂಟಿದ್ದರೆ ಸಹಜ. ಉಗುರಿಗೆ ಸಿಗುವ ಉಕ್ಕಿನ ಚೂರು ಇದ್ದರೆ ಡಾಗ್ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಎಣ್ಣೆಯನ್ನು ಬಿಸಿಲಿಗೆ ಹಿಡಿದಾಗ ಹೊಂಬಣ್ಣದ ಮಿಂಚು ತೇಲಿದರೆ ಅದು ಸಿಂಕ್ರೊ ರಿಂಗ್‌ನ ಹಿತ್ತಾಳೆ, ಆಯಸ್ಕಾಂತಕ್ಕೆ ಅಂಟುವುದಿಲ್ಲ. ಹೊಸ ವಾಷರ್ ಹಾಕಿ ಡ್ರೈನ್ ಮುಚ್ಚಿ, ಕೈಪಂಪಿನಿಂದ ತುಂಬಿ. ಬದಿಯಲ್ಲಿ ತುಂಬುವ ರಂಧ್ರವೇ ಮಟ್ಟವಾಗಿರುವ ಬಾಕ್ಸ್‌ಗಳಲ್ಲಿ ಎಣ್ಣೆ ಅಂಚಿನಿಂದ ತೆಳ್ಳಗೆ ಸೋರತೊಡಗಿದಾಗ ನಿಲ್ಲಿಸಿ. ಕಾರುಗಳಿಗೆ ಸಾಮಾನ್ಯವಾಗಿ 1.5ರಿಂದ 3 ಲೀಟರ್ ಹಿಡಿಯುತ್ತದೆ.

ಇನ್ನೊಂದು ಎಚ್ಚರಿಕೆ. ಹಿಂಬದಿ ಚಕ್ರಕ್ಕೆ ಶಕ್ತಿ ಕೊಡುವ ಗಾಡಿಯನ್ನು ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ, ಆ ಚಕ್ರಗಳು ನೆಲದ ಮೇಲಿದ್ದಂತೆ ದೂರ ಎಳೆದೊಯ್ಯಬೇಡಿ. ಚಕ್ರಗಳ ಕಡೆಯ ಔಟ್‌ಪುಟ್ ಶಾಫ್ಟ್ ಮಾತ್ರ ತಿರುಗುತ್ತದೆ, ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುವ ಲೇಶಾಫ್ಟ್ (ಇನ್‌ಪುಟ್ ಶಾಫ್ಟಿನಿಂದ ತಿರುಗುವ ಕೆಳಗಿನ ಶಾಫ್ಟ್) ನಿಂತಿರುತ್ತದೆ. ಮೇಲಿನ ಬೇರಿಂಗ್‌ಗಳು ಒಣಗಿ ಸುಟ್ಟುಹೋಗುತ್ತವೆ.

ದ್ವಿಚಕ್ರ:
ಬೈಕ್‌ಗೂ ಇದೆಲ್ಲ ಅನ್ವಯಿಸುತ್ತದೆಯೇ?

ಹಲ್ಲುಚಕ್ರ:
ಕೆಲವು ವಿಷಯದಲ್ಲಿ ತದ್ವಿರುದ್ಧ. ಬೈಕ್ ಗೇರ್‌ಬಾಕ್ಸ್‌ನಲ್ಲಿ ಸಿಂಕ್ರೊ ಇರುವುದಿಲ್ಲ, ಗೇರ್ ಪಕ್ಕದ ಕೆಲವೇ ದಪ್ಪ ಡಾಗ್‌ಗಳು ಪಕ್ಕದ ಗೇರ್‌ನ ಕಿಂಡಿಗೆ ನೇರ ಸೇರುತ್ತವೆ. ಕಾರಿನಂತೆ ಕಾಯುತ್ತ, ಅಂಜುತ್ತ ತಳ್ಳಿದರೆ ಡಾಗ್‌ಗಳು ಕಿಂಡಿಯ ಅಂಚಿನ ಮೇಲೆ ಟಕಟಕ ಹಾರಿ ಮೂಲೆ ದುಂಡಗಾಗುತ್ತದೆ. ಇಲ್ಲಿ ಬೇಕಾದದ್ದು ಒಂದೇ ಸಲಕ್ಕೆ, ದೃಢವಾಗಿ, ಲಿವರ್ ಪೂರ್ತಿ ಹೋಗುವಂತೆ ಒತ್ತುವುದು. ಕ್ಲಚ್ ಬಿಡುವವರೆಗೂ ಪಾದ ತೆಗೆಯಬಾರದು. ಅರ್ಧಕ್ಕೆ ಬಿಟ್ಟರೆ ಎರಡು ಗೇರ್‌ಗಳ ನಡುವೆ ಸುಳ್ಳು ನ್ಯೂಟ್ರಲ್ ಸಿಗುತ್ತದೆ. ಆದರೆ ಗೇರ್ ಬಿದ್ದ ಮೇಲೂ ಲಿವರ್ ಮೇಲೆ ಪಾದ ಊರಿಕೊಂಡಿರುವುದು ಕಾರಿನ ಕೈಯಷ್ಟೇ, ಅದಕ್ಕಿಂತ ಹೆಚ್ಚೇ ಹಾನಿ. ಫೋರ್ಕ್ ಬಿಸಿಯಾಗಿ ನೀಲಿಯಾಗುತ್ತದೆ, ಬಾಗುತ್ತದೆ.

ಮೂರುದಾರಿ:
ರಿವರ್ಸ್ ಹಾಕುವಾಗ ಬರುವ ಸದ್ದಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅನೇಕ ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೊ ಇಲ್ಲ, ನಿಜವಾದ ಗೇರ್ ಚಕ್ರವೇ ಸರಿದು ಕೂಡಿಕೊಳ್ಳುತ್ತದೆ. ಗಾಡಿ ಪೂರ್ತಿ ನಿಲ್ಲಬೇಕು. ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ಕಾದು, ಒಮ್ಮೆ ಒಂದನೇ ಗೇರ್‌ಗೆ ತಾಗಿಸಿ, ಕ್ಲಚ್ ಬಿಡದೆ ರಿವರ್ಸ್‌ಗೆ ಹಾಕಿ. ಒಂದನೇ ಗೇರ್‌ನ ಸಿಂಕ್ರೊ ಇನ್‌ಪುಟ್ ಶಾಫ್ಟನ್ನು ನಿಲ್ಲಿಸಿಕೊಡುತ್ತದೆ, ಆಮೇಲೆ ರಿವರ್ಸ್ ಸದ್ದಿಲ್ಲದೆ ಬೀಳುತ್ತದೆ.

ಇಳಿಜಾರು:
ಬೆಳಗ್ಗೆ ತಣ್ಣಗಿರುವಾಗ ಎರಡನೇ ಗೇರ್ ಮಾತ್ರ ಕರ್ರ್ ಎನ್ನುವುದು, ಸ್ವಲ್ಪ ದೂರ ಓಡಿದ ಮೇಲೆ ಸರಿಹೋಗುವುದು ಯಾವುದರ ಲಕ್ಷಣ?

ತೈಲಬಿಂದು:
ರಿಂಗ್‌ನ ಗೀರುಗಳ ತುದಿ ಚಪ್ಪಟೆಯಾಗತೊಡಗಿದೆ, ತಣ್ಣನೆಯ ಮಂದ ಎಣ್ಣೆಯನ್ನು ಕತ್ತರಿಸಲಾಗುತ್ತಿಲ್ಲ. ಒಂದರಿಂದ ಎರಡರ ನಡುವೆ ಅನುಪಾತದ ಅಂತರ ಎಲ್ಲಕ್ಕಿಂತ ದೊಡ್ಡದು, ಆ ಗೇರ್ ಹೆಚ್ಚು ಬಳಕೆಯಾಗುವುದೂ ಹೌದು. ಅದಕ್ಕೇ ಮೊದಲು ಅಲ್ಲೇ ಕಾಣುತ್ತದೆ. ಮೊದಲ ಎರಡು ಮೂರು ಕಿಲೋಮೀಟರ್ 2500 ಆರ್‌ಪಿಎಂ ಒಳಗೆ, ನಿಧಾನವಾಗಿ ಬದಲಿಸಿ. ಐಡಲ್‌ನಲ್ಲಿ ನಿಲ್ಲಿಸಿ ಬಿಸಿಮಾಡಿದರೆ ಎಂಜಿನ್ ಬಿಸಿಯಾಗುತ್ತದೆಯೇ ಹೊರತು ಗೇರ್‌ಬಾಕ್ಸ್ ಎಣ್ಣೆ ಅಷ್ಟಾಗಿ ಅಲ್ಲ. ಸದ್ದು ಅಡಗಿಸಲು ಇನ್ನೂ ಮಂದವಾದ ಎಣ್ಣೆ ಹಾಕುವುದು ರೋಗವನ್ನು ಹೆಚ್ಚಿಸುತ್ತದೆ.

ಹಲ್ಲುಚಕ್ರ:
ಸದ್ದಿನಿಂದ ಜಾಗ ಗುರುತಿಸಲು ಇನ್ನಷ್ಟು. ಎಲ್ಲ ಗೇರ್‌ಗಳಲ್ಲೂ ಕರ್ರ್ ಎಂದರೆ ಕ್ಲಚ್ ನೋಡಿ. ನ್ಯೂಟ್ರಲ್‌ನಲ್ಲಿ ಗುಂಯ್ ಸದ್ದು ಇದ್ದು ಕ್ಲಚ್ ಒತ್ತಿದಾಗ ನಿಂತರೆ ಇನ್‌ಪುಟ್ ಶಾಫ್ಟ್ ಅಥವಾ ಲೇಶಾಫ್ಟ್ ಬೇರಿಂಗ್. ಒತ್ತಿದಾಗಲೇ ಶುರುವಾದರೆ ರಿಲೀಸ್ ಬೇರಿಂಗ್. ಒಂದೇ ಗೇರ್‌ನಲ್ಲಿ ಊಳಿಟ್ಟರೆ ಆ ಗೇರ್‌ನ ಹಲ್ಲು. ಆಕ್ಸಿಲರೇಟರ್ ಬಿಟ್ಟಾಗ ಗೇರ್ ಹಾರಿದರೆ ಬಾಕ್ಸ್ ಬಿಚ್ಚುವ ಮುಂಚೆ ಎಂಜಿನ್ ಮೌಂಟ್ ಮತ್ತು ಗೇರ್ ಕೇಬಲ್ ಹೊಂದಾಣಿಕೆ ನೋಡಿ, ಅವೆರಡೂ ಸರಿಯಿದ್ದರೆ ಡಾಗ್ ಹಲ್ಲು, ಫೋರ್ಕ್, ಸ್ಪ್ರಿಂಗ್ ಗುಂಡು.

ನಾಲ್ಕನೇಗೇರ್:
ಎರಡನೇ ಗೇರ್‌ನ ರಿಂಗ್ ಹೋಗಿದೆ ಎಂದು ಖಚಿತವಾದ ಗಾಡಿಯನ್ನು ಇನ್ನೂ ಕೆಲವು ತಿಂಗಳು ಓಡಿಸಬಹುದೇ?

ಹಲ್ಲುಚಕ್ರ:
ಓಡಿಸಬಹುದು, ಆದರೆ ಒಂದೇ ಒಂದು ಕರ್ರ್ ಕೂಡ ಆಗದಂತೆ. ರಿಂಗ್ ಚಿಕ್ಕ ಭಾಗ. ಪ್ರತಿ ಸದ್ದಿಗೂ ಗೇರ್‌ನ ಡಾಗ್ ಹಲ್ಲು ಚೂರು ಚೂರು ಒಡೆಯುತ್ತದೆ, ಅದು ಗೇರ್‌ಗೇ ಅಂಟಿಕೊಂಡದ್ದಾದರೆ ಇಡೀ ಗೇರ್ ಬದಲಿಸಬೇಕು, ಚೂರುಗಳು ಬೇರಿಂಗ್‌ಗಳನ್ನೂ ತಿನ್ನುತ್ತವೆ. ಅಲ್ಲಿಯವರೆಗೆ ಎರಡಕ್ಕೆ ಇಳಿಸುವಾಗಲೆಲ್ಲ ಡಬಲ್ ಕ್ಲಚ್ ಮಾಡಿ, ಒಂದರಿಂದ ಎರಡಕ್ಕೆ ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ನಿಲ್ಲಿಸಿ ಹಾಕಿ.

ಬಿಚ್ಚಿದಾಗ ಹಳೆಯ ರಿಂಗನ್ನು ಗೇರ್‌ನ ಶಂಕುವಿಗೆ ಕೈಯಿಂದ ಒತ್ತಿ, ರಿಂಗ್ ಹಲ್ಲಿಗೂ ಡಾಗ್ ಹಲ್ಲಿಗೂ ನಡುವಿನ ಅಂತರವನ್ನು ಫೀಲರ್ ಗೇಜಿನಿಂದ ಮೂರು ಕಡೆ ಅಳೆಯಿರಿ. ಹೊಸದರಲ್ಲಿ 1 ಮಿ.ಮೀ. ಆಸುಪಾಸು ಇರುವುದು ಸಾಮಾನ್ಯ, 0.5 ಮಿ.ಮೀ. ಹತ್ತಿರ ಬಂದಿದ್ದರೆ ಬಹುಪಾಲು ಬಾಕ್ಸ್‌ಗಳಲ್ಲಿ ಅದರ ಆಯುಷ್ಯ ಮುಗಿದಂತೆ. ನಿಖರ ಮಿತಿ ಆಯಾ ಗೇರ್‌ಬಾಕ್ಸ್‌ನ ವರ್ಕ್‌ಶಾಪ್ ಪುಸ್ತಕದಲ್ಲಿ ಇರುತ್ತದೆ. ಸ್ಲೀವ್‌ನ ಹಲ್ಲುತುದಿ ಚೂಪಾಗಿಲ್ಲದಿದ್ದರೆ ರಿಂಗ್ ಜೊತೆಗೆ ಸ್ಲೀವ್ ಮತ್ತು ಅದು ಸರಿದಾಡುವ ಹಬ್ಬನ್ನೂ ಜೋಡಿಯಾಗಿ ಬದಲಿಸಿ. ಬಾಕ್ಸ್ ಕೆಳಗಿಳಿದಿರುವಾಗಲೇ ರಿಲೀಸ್ ಬೇರಿಂಗ್ ಮತ್ತು ಇನ್‌ಪುಟ್ ಶಾಫ್ಟ್ ಸೀಲ್ ಹೊಸದು ಹಾಕಿಸಿ. ಹಳೆಯ ಹಬ್ಬನ್ನೇ ಉಳಿಸಿಕೊಳ್ಳುವುದಾದರೆ, ಸ್ಲೀವ್ ಕಳಚುವ ಮುಂಚೆ ಎರಡರ ಮೇಲೂ ಪೇಂಟಿನ ಗುರುತು ಹಾಕಿ, ಅದೇ ಮುಖ, ಅದೇ ಹಲ್ಲು ಮತ್ತೆ ಕೂಡಬೇಕು. ಹೊಸ ರಿಂಗನ್ನು ಒಣಗಿದ್ದಂತೆ ಕೂರಿಸಬೇಡಿ, ತುಂಬಲಿರುವ ಎಣ್ಣೆಯಲ್ಲೇ ಅದ್ದಿ ಕೂರಿಸಿ. ಕಾರ್ಬನ್ ಪದರದ ರಿಂಗ್ ಆದರೆ ಸ್ವಲ್ಪ ಹೊತ್ತು ನೆನೆಯಲು ಬಿಡಿ.